ಹತ್ತದ ಕರೆಗಳ ಲೆಕ್ಕ

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ದಾಂಡೇಲಿಯ ಒಂದು ಹಲಗೆ ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದೆ. ನಮ್ಮ ಮನೆ ಹಳಿಯಾಳದಲ್ಲಿ. ಅಪ್ಪನಿಗೆ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇತ್ತು. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ನೌಕರಿಗೆ ಹೊರಟದ್ದು ಅದೇ ಮೊದಲು. ಹಾಗಾಗಿ ಅಪ್ಪ ಒಂದು ಕಟ್ಟಳೆ ಹಾಕಿದ್ದರು: "ಹಳಿಯಾಳದಾಗ ಹತ್ತೂದು, ದಾಂಡೇಲ್ಯಾಗ ಇಳಿಯೂದು. ನಡುವ ಎಲ್ಲೂ ಇಳಿಯಂಗಿಲ್ಲ." ನಡುವೆ ಇಳಿಯಲಿಕ್ಕೆ ಕಾಡು, ನಾಲ್ಕಾರು ಹಳ್ಳಿ ಬಿಟ್ಟರೆ ಏನಿತ್ತೋ ದೇವರಿಗೇ ಗೊತ್ತು.

ಸೇರಿದ ಮೊದಲ ವಾರವೇ ಹೆಡ್ ಕ್ಲಾರ್ಕರು ಒಂದು ರಟ್ಟಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. ಅದರ ತುಂಬ ಅಂಗೈಯಗಲದ ಚೀಟಿಗಳು.

"ಇವು ಫೋನಿನ ಚೀಟಿ. ಇಷ್ಟೂ ಸೇರಿ ತಿಂಗಳಿಗೊಮ್ಮೆ ಒಂದ ಹಾಳ್ಯಾಗ ಬರಬೇಕು" ಎಂದರು.

ಕಾರ್ಖಾನೆಗೆ ಆಗ ಒಂದು ಸ್ವಿಚ್‌ಬೋರ್ಡ್ ಇತ್ತು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಒಬ್ಬ ಆಪರೇಟರ್ ಕೂತು, ಒಳಗಿನ ವಿಭಾಗಗಳ ಫೋನುಗಳನ್ನು ಹೊರಗಿನ ಎರಡು ಲೈನುಗಳಿಗೆ ತಂತಿ ಚುಚ್ಚಿ ಜೋಡಿಸಬೇಕು. ಹೊರಗೆ ಹೋದ ಪ್ರತಿ ಕರೆಗೂ ಒಂದು ಚೀಟಿ: ಎಷ್ಟು ಗಂಟೆಗೆ, ಯಾವ ವಿಭಾಗದಿಂದ, ಯಾವ ಊರಿಗೆ, ಎಷ್ಟು ನಿಮಿಷ. ಟೆಲಿಫೋನ್ ಬಿಲ್ಲಿನ ಗೋಜು ಬೇರೆಯವರದು. ನನ್ನದು ಇಷ್ಟೇ: ಯಾವ ವಿಭಾಗ ಎಷ್ಟು ಕರೆ ಮಾಡಿತು, ಎಷ್ಟು ನಿಮಿಷ ಮಾತಾಡಿತು, ಸ್ಥಳೀಯ ಎಷ್ಟು, ಪರಊರಿನ ಟ್ರಂಕ್ ಕರೆ ಎಷ್ಟು.

ಆ ಕೆಲಸ ನನಗೆ ಬಹಳ ಹಿಡಿಸಿತು ಎಂದರೆ ಈಗಿನವರು ನಗುತ್ತಾರೆ. ತಿಂಗಳ ಮೊದಲ ಸೋಮವಾರ ಉದ್ದ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು ಕೂರುತ್ತಿದ್ದೆ. ಫ್ಯಾನಿನ ಗಾಳಿಗೆ ಹಾರದಂತೆ ಒಂದೊಂದು ಗುಡ್ಡೆಯ ಮೇಲೂ ಸ್ಟೋರಿನಿಂದ ತಂದ ಕಬ್ಬಿಣದ ವಾಶರು. ಮಾರಾಟ ವಿಭಾಗದ ಗುಡ್ಡೆ ಯಾವಾಗಲೂ ಎಲ್ಲಕ್ಕಿಂತ ಎತ್ತರ. ಅದರ ಹಿಂದೆ ಮರ ತರಿಸುವ ವಿಭಾಗದ್ದು. ದವಾಖಾನೆಯದು ಹತ್ತು ಹನ್ನೆರಡು ಚೀಟಿ ದಾಟುತ್ತಿರಲಿಲ್ಲ. ಚೀಟಿ ವಿಂಗಡಿಸುತ್ತ ಕೂತರೆ ಕಾರ್ಖಾನೆಯಲ್ಲಿ ಏನು ನಡೆದಿದೆ ಎನ್ನುವುದು ತಾನಾಗಿ ತಿಳಿಯುತ್ತಿತ್ತು. ಹುಬ್ಬಳ್ಳಿಗೆ ಒಮ್ಮೆಲೇ ಕರೆ ಹೆಚ್ಚಿದವೆಂದರೆ ಯಾವುದೋ ಯಂತ್ರ ಕೆಟ್ಟಿದೆ. ಜೊಯಿಡಾಕ್ಕೆ ಹೆಚ್ಚಿದವೆಂದರೆ ಮರದ ಲಾರಿ ಕಾಡಿನಲ್ಲಿ ಸಿಕ್ಕಿಬಿದ್ದಿದೆ. ಕಚೇರಿಯಲ್ಲಿ ಯಾರೂ ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು.

ಚೀಟಿಗಳ ಅಕ್ಷರ ದುಂಡಗೆ, ಮುತ್ತು ಪೋಣಿಸಿದಂತೆ. ಒಂದೊಂದರ ಮೂಲೆಯಲ್ಲಿ ಮಾತ್ರ ಪೆನ್ಸಿಲಿನ ಸಣ್ಣ ಸಣ್ಣ ಗುರುತು. ಸೊನ್ನೆ, ಗೀಟು, ಕೊಕ್ಕೆ. ಬೇಸರಕ್ಕೆ ಗೀಚಿದ್ದಿರಬೇಕೆಂದು ನಾನು ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನನ್ನ ಹಾಳೆಯಲ್ಲಿ ಅವಕ್ಕೆ ಜಾಗವೂ ಇರಲಿಲ್ಲ.

ಆ ಅಕ್ಷರ ಬರೆದವಳನ್ನು ಐದಾರು ತಿಂಗಳು ನಾನು ನೋಡಿರಲೇ ಇಲ್ಲ. ಅವಳ ಪಾಳಿ ನನ್ನ ಬಸ್ಸಿಗಿಂತ ಮುಂಚೆ ಸುರುವಾಗುತ್ತಿತ್ತು. ಕಚೇರಿಯ ಫೋನೆತ್ತಿದಾಗ ಕೇಳುವ ದನಿ ಮಾತ್ರ ಗೊತ್ತು. ಎಂಥ ದನಿ! ಗೋವೆಯಿಂದ ಬಂದ ಕರೆಗೆ ಕೊಂಕಣಿ, ಬೆಳಗಾವಿಯದಕ್ಕೆ ಮರಾಠಿ, ಲಾರಿ ಮಾಲಕರಿಗೆ ಉರ್ದು, ನಮಗೆ ಕನ್ನಡ. ಒಂದರಿಂದ ಇನ್ನೊಂದಕ್ಕೆ ಹೊಸಿಲು ದಾಟಿದಷ್ಟು ಸಲೀಸಾಗಿ ದಾಟುತ್ತಿದ್ದಳು. ನಾನು ಮನಸ್ಸಿನಲ್ಲೇ ಅವಳನ್ನು ತೆಳ್ಳಗಿನ, ಬೆಳ್ಳಗಿನ, ಫ್ರಾಕ್ ತೊಟ್ಟ ಗೋವೆಯ ಹೆಂಗಸು ಮಾಡಿಬಿಟ್ಟಿದ್ದೆ.

ಒಂದು ದಿನ ಚೀಟಿಯೊಂದರಲ್ಲಿ ವಿಭಾಗದ ಹೆಸರೇ ಇರಲಿಲ್ಲ. ಕೇಳಿಕೊಂಡು ಬರೋಣವೆಂದು ಕೆಳಗಿಳಿದು ಕೋಣೆಯ ಬಾಗಿಲು ತಳ್ಳಿದೆ. ಬೋರ್ಡಿನ ಮುಂದೆ ಮೂವತ್ತೈದರ ಆಸುಪಾಸಿನ ಸಿದ್ದಿ ಹೆಂಗಸು ಕೂತಿದ್ದಳು. ಗುಂಗುರು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಅದರ ಮೇಲೆ ಹೆಡ್‌ಫೋನಿನ ಪಟ್ಟಿ ಕೂರಿಸಿಕೊಂಡಿದ್ದಳು. ಹಸಿರು ಇಳಕಲ್ ಸೀರೆ. ನಾನು ಬಾಗಿಲಲ್ಲೇ ನಿಂತೆ.

"ಯಾರನ್ನರ ಹುಡುಕಾಕತ್ತೀರೇನ್ರಿ?" ಅಂದಳು.

"ಆಪರೇಟರ್ ಬೇಕಾಗಿತ್ತು..."

"ಕೂತಾಳ ನೋಡ್ರಿ ನಿಮ್ಮ ಮುಂದ."

ಅದೇ ದನಿ. ನನ್ನ ಮುಖದಲ್ಲಿ ಏನು ಕಂಡಿತೋ, ನಕ್ಕಳು. "ಎಲ್ಲಾರೂ ಹಂಗ ನಿಲ್ತಾರ್ರಿ, ಮೊದಲ್ನೇ ಸಲಾ. ಬರ್ರಿ ಒಳಗ, ಸೊಳ್ಳಿ ಬರ್ತಾವ." ನನಗೆ ಬಂದ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಅವಳ ಊರು ಹಳಿಯಾಳದ ಹತ್ತಿರದ ಒಂದು ಹಳ್ಳಿ. ಕ್ರಿಶ್ಚನ್ ಮನೆತನ. ಹಳಿಯಾಳದಲ್ಲಿ ಸಿಸ್ಟರುಗಳ ಶಾಲೆಯಲ್ಲಿ ಓದಿದವಳು. ನಮ್ಮ ಅಂಗಡಿಯ ಮುಂದಿನ ದಾರಿಯಲ್ಲೇ ವರ್ಷಗಟ್ಟಲೆ ನಡೆದು ಹೋಗಿದ್ದಳಂತೆ. ಗಂಡ ಮರದ ಡಿಪೋದಲ್ಲಿ ಕೂಲಿ, ಮಗಳೊಬ್ಬಳು. ಅವಳನ್ನು ನಾನು ಅಕ್ಕಾ ಎಂದು ಕರೆಯತೊಡಗಿದೆ. ಆದರೂ ಊಟದ ಹೊತ್ತಿನಲ್ಲಿ ನನ್ನ ಡಬ್ಬಿ ನನ್ನ ವಿಭಾಗದಲ್ಲೇ ಬಿಚ್ಚುತ್ತಿದ್ದೆ. ಅವ್ವ ಏನೂ ಹೇಳಿರಲಿಲ್ಲ. ಹೇಳದೆಯೇ ಕಲಿತ ಸಂಗತಿಗಳು ಇರುತ್ತವಲ್ಲ, ಅಂಥದು.

ಹೀಗಿರುವಾಗ ಕಚೇರಿಗೆ ಒಬ್ಬ ಹೊಸ ಅಧಿಕಾರಿ ಬಂದರು. ಮೈಸೂರು ಕಡೆಯವರು. ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ಪ್ರತಿ ವಿಭಾಗದ ಕಾಗದ ತರಿಸಿಕೊಂಡು ಓದಿದರು. ನನ್ನ ಫೋನಿನ ಹಾಳೆ ನೋಡಿ, "ತುಂಬ ಚೊಕ್ಕಟವಾಗಿ ಮಾಡಿದ್ದೀರಿ. ಒಂದು ನೋಟದಲ್ಲೇ ಎಲ್ಲ ತಿಳಿಯುತ್ತೆ" ಎಂದರು. ನಾನು ಆ ದಿನ ಬಸ್ಸಿನಲ್ಲಿ ಹಳಿಯಾಳದವರೆಗೆ ನಿಂತುಕೊಂಡೇ ಹೋದದ್ದು ಗೊತ್ತಾಗಲಿಲ್ಲ.

ಮೂರನೆಯ ದಿನ ಕರೆದು ಒಂದು ಟಿಪ್ಪಣಿ ಹೇಳಿ ಬರೆಸಿದರು. ಸ್ವಿಚ್‌ಬೋರ್ಡಿನಲ್ಲಿ ಇಡೀ ದಿನಕ್ಕೆ ಹೊರಗಿನ ಕರೆಗಳು ಹದಿನೈದು ದಾಟುವುದಿಲ್ಲ, ಮಾತಿನ ಸಮಯ ಎಲ್ಲ ಸೇರಿ ಒಂದು ಗಂಟೆಯೂ ಆಗುವುದಿಲ್ಲ. ಆದ್ದರಿಂದ ಮುಂದಿನ ತಿಂಗಳಿಂದ ಆಪರೇಟರ್ ಮಧ್ಯಾಹ್ನ ಒಂದು ಗಂಟೆಯವರೆಗೆ ಬಂದರೆ ಸಾಕು. ಆಮೇಲೆ ಹೊರಗಿನ ಲೈನನ್ನು ಹಾಜರಿ ಹಿಡಿಯುವ ಟೈಮ್ ಆಫೀಸಿಗೆ ಕೊಡತಕ್ಕದ್ದು. ಆಧಾರ: ಲಗತ್ತಿಸಿದ ಮೂರು ತಿಂಗಳ ವರದಿ.

ಆ ವರದಿ ನನ್ನದು. ಮೂರು ಕಾರ್ಬನ್ ಇಟ್ಟು, ತಪ್ಪಿಲ್ಲದಂತೆ ಟೈಪ್ ಮಾಡಿ, ಗುಂಡುಸೂಜಿ ಚುಚ್ಚಿ ಕೊಟ್ಟೆ.

ಊಟದ ಹೊತ್ತಿಗೆ ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದೆ. ಹೇಳಬೇಕೆಂದು ಹೋದದ್ದಲ್ಲ. ಸಾಹೇಬರ ಸಹಿಯಾಗುವ ಮೊದಲು ಟೈಪಿಸ್ಟ್ ಬಾಯಿ ಬಿಡಬಾರದು. ಸುಮ್ಮನೆ ಅಲ್ಲಿರಬೇಕು ಅನ್ನಿಸಿತು. ಅಕ್ಕ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು. ಸ್ಟೂಲಿನ ಮೇಲಿದ್ದ ಕಾಗದ ಸರಿಸಿ ಜಾಗ ಮಾಡಿದಳು.

"ನಂದರಾಗ ಮೀನ ಐತಿ, ನಿಮಗ ನಡಿಯೂದಿಲ್ಲ. ಹಲಸಿನಕಾಯಿ ಪಲ್ಯಾ ಬ್ಯಾರೆ ಡಬ್ಬ್ಯಾಗ ಐತಿ. ಹಾಕ್ಲೇನು?"

"ಹಾಕ್ರಿ" ಎಂದೆ. ರೊಟ್ಟಿಯ ಜತೆ ತಿಂದೆ. ಒಳ್ಳೇ ಖಾರ.

ತುತ್ತು ಮುಗಿಯುವ ಮೊದಲೇ ಮರದ ವಿಭಾಗದವರು ಜೊಯಿಡಾ ಬೇಕೆಂದರು. ಅಲ್ಲಿಗೆ ಹೋಗುವ ತಂತಿ ಇಡೀ ಕಾಡಿನೊಳಗೆ ಹಾದು ಹೋಗುತ್ತಿತ್ತು. ಒಂದು ಕೊಂಬೆ ಮುರಿದರೆ ಲೈನ್ ಸತ್ತಂತೆ. ಅಕ್ಕ ಊರ ಎಕ್ಸ್‌ಚೇಂಜಿಗೆ ಕರೆ ಮಾಡಿದಳು. ಅಲ್ಲಿಯವರು ತಡೆಯಿರಿ ಎಂದರು. ಚೀಟಿಯ ಮೂಲೆಯಲ್ಲಿ ಒಂದು ಸೊನ್ನೆ. ಐದು ನಿಮಿಷ ಬಿಟ್ಟು ಮತ್ತೆ. ಈ ಸಲ ಲೈನಿನಲ್ಲಿ ಸದ್ದೇ ಇಲ್ಲ. ಒಂದು ಗೀಟು. ನಡುವೆ ಬೋರ್ಡಿನ ಮೇಲಿನ ಸಣ್ಣ ತಗಡಿನ ರೆಪ್ಪೆಗಳು ಟಪಟಪ ಬೀಳುತ್ತಿದ್ದವು. ಒಂದೊಂದು ರೆಪ್ಪೆ ಬಿದ್ದಾಗಲೂ ಒಬ್ಬೊಬ್ಬರು ಕಾಯುತ್ತಿದ್ದಾರೆಂದು ಅರ್ಥ. ಅವಳ ಎರಡೂ ಕೈ ತಂತಿಗಳ ನಡುವೆ ಓಡಾಡುತ್ತಿದ್ದವು. ಬಾಯಿ ಬೇರೆ ಬೇರೆ ಭಾಷೆಯಲ್ಲಿ ಒಬ್ಬರಿಗೆ ಸಮಾಧಾನ, ಇನ್ನೊಬ್ಬರಿಗೆ ಗದರಿಕೆ ಹೇಳುತ್ತಿತ್ತು. ಮತ್ತೆ ಜೊಯಿಡಾ.

"ಹತ್ತವಲ್ದ್ರೀ ಸಾಹೇಬ್ರ. ಹಾಂ, ಬಿಟ್ಟಿಲ್ಲ, ನೋಡಾಕತ್ತೇನಿ."

ಒಂಬತ್ತನೆಯ ಸಲಕ್ಕೆ ಆ ಕಡೆ ಫೋನ್ ಎತ್ತಿದರು. ಆದರೆ ಬೇಕಾದ ಮನುಷ್ಯ ಗಣೇಶಗುಡಿಗೆ, ಅಣೆಕಟ್ಟು ಕಟ್ಟುವ ಕಡೆ ಹೋಗಿದ್ದ. ಒಂದು ಕೊಕ್ಕೆ. ಊಟದ ಹೊತ್ತು ಮುಗಿದು ಮೇಲೆ ಹೋದ ನಾನು ಚಹಾದ ಬಿಡುವಿಗೆ ಮತ್ತೆ ಇಳಿದು ಬಂದೆ. ಮೂರು ಗಂಟೆ ದಾಟಿದ ಮೇಲೆ, ಹನ್ನೊಂದನೆಯ ಸಲಕ್ಕೆ, ಅವನು ಸಿಕ್ಕ. ಮರದ ವಿಭಾಗದವರು ಮಾತಾಡಿ ಇಟ್ಟರು. ಅಕ್ಕ ದುಂಡಗೆ ಬರೆದಳು: ಜೊಯಿಡಾ, ಮೂರು ನಿಮಿಷ.

ನನ್ನ ಹಾಳೆಯಲ್ಲಿ ಅದು ಹೀಗೆ ಬರುತ್ತಿತ್ತು: ಕರೆ ಒಂದು, ನಿಮಿಷ ಮೂರು.

"ಅಕ್ಕಾ, ಈ ಗುರುತು ಯಾಕ ಹಾಕ್ತೀರಿ? ಯಾರರ ಕೇಳ್ಯಾರೇನು?"

"ಯಾಕ ಇಷ್ಟ ಹೊತ್ತಾತು ಅಂತ ಯಾರರ ಕೇಳಿದ್ರ ಹೇಳಾಕ ಬೇಕಲ್ರೀ. ಸೊನ್ನಿ ಅಂದ್ರ ಲೈನ್ ಖಾಲಿ ಇಲ್ಲ. ಗೀಟಂದ್ರ ಲೈನ್ ಸತ್ತೈತಿ. ಕೊಕ್ಕಿ ಅಂದ್ರ ಹತ್ತೇತಿ, ಮನಶ್ಯಾ ಇಲ್ಲ." ಚೀಟಿಯನ್ನು ಉಳಿದವುಗಳ ಮೇಲೆ ಇಡುತ್ತ ಹೇಳಿದಳು, "ಇನ್ನತನಾ ಯಾರೂ ಕೇಳಿಲ್ಲ ಬಿಡ್ರಿ."

ಹಳೆಯ ಚೀಟಿಯೊಂದರಲ್ಲಿ ಬೇರೆಯೇ ಒಂದು ಗುರುತು ನೋಡಿದ ನೆನಪಾಯಿತು. ಒಂದು ಚುಕ್ಕೆ, ಅದರ ಕೆಳಗೆ ಸಣ್ಣ ಬಾಲ. ಅದೇನೆಂದು ಕೇಳಿದೆ. ಅಕ್ಕ ತಂತಿಯೊಂದನ್ನು ಸುತ್ತಿ ಅದರ ಗೂಡಿಗೆ ಬಿಟ್ಟಳು.

"ಅದು ನಾವು ಫೋನ್ ಹಚ್ಚಿದಾಗ ಸಾವಿನ ಸುದ್ದಿ ಬಂದದ್ರೀ. ಆ ಕಡಿಂದ ಹೇಳಾವ್ರಿಗೆ ಧೈರ್ಯ ಇರೂದಿಲ್ಲ. ನೀನ ಹೇಳವ್ವಾ ಅಂತಾರ. ಮೊದ್ಲ ಇಲ್ಲಿ ಕೇಳಾವ್ರನ್ನ ಕೂಡ್ರಿಸಿ, ನೀರ ಕುಡಿಸಿ, ಆಮ್ಯಾಲ ಹೇಳ್ತೇನಿ. ಅದನ್ನ ಎಣಸಬ್ಯಾಡ್ರಿ ನೀವು."

ಆಗ ನನಗೆ ತಡೆಯಲಾಗಲಿಲ್ಲ. ಟಿಪ್ಪಣಿಯ ವಿಷಯ ಹೇಳಿಬಿಟ್ಟೆ. ಒಂದು ಗಂಟೆಯವರೆಗೆ ಮಾತ್ರ ಎನ್ನುವುದು, ನನ್ನ ಹಾಳೆ ಲಗತ್ತಾಗಿರುವುದು, ಎಲ್ಲ.

ಅಕ್ಕ ಬೋರ್ಡಿನ ಕಡೆ ತಿರುಗಿದಳು. ಒಂದು ರೆಪ್ಪೆ ಬಿತ್ತು. ಜೋಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆ ಹಾಳ್ಯಾಗ ಕೂಡಿಸಿದ್ದು ಸರಿ ಐತೇನ್ರಿ?"

"ಸರಿ ಐತಿ."

"ಹಂಗಾರ ನಿಮ್ಮ ಕೆಲಸಾ ನೀವು ಮಾಡೀರಿ. ಅದರಾಗ ನಿಮ್ಮ ತಪ್ಪೇನೈತಿ?"

ಬೈದಿದ್ದರೆ ಚೆನ್ನಾಗಿತ್ತು. ಮೇಲೆ ಬಂದು ಟೈಪ್‌ರೈಟರಿನ ಮುಂದೆ ಕೂತರೆ ಅಕ್ಷರಗಳು ಕಾಣಲಿಲ್ಲ.

ಹಳೆಯ ಚೀಟಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ದಾಖಲೆ ಕೋಣೆಯಲ್ಲಿ ಇಟ್ಟಿರುತ್ತಿದ್ದರು. ಆರು ತಿಂಗಳಿಗೊಮ್ಮೆ ಬಾಯ್ಲರಿಗೆ ಹಾಕುತ್ತಿದ್ದರು. ಮರುದಿನ ಹೆಡ್ ಕ್ಲಾರ್ಕರನ್ನು ಕೇಳಿ ಮೂರು ತಿಂಗಳ ಚೀಲ ಹೊರಗೆ ತೆಗೆಸಿದೆ. "ಏನ್ ಮಾಡ್ತೀ ಇವನ್ನ?" ಎಂದರು. "ಒಂದು ತಪ್ಪಾಗೈತಿ ಸರ್, ತಿದ್ದಬೇಕು" ಎಂದೆ. ಅದು ಸುಳ್ಳೇನೂ ಅಲ್ಲವಲ್ಲ.

ಊಟದ ಹೊತ್ತು, ಸೈರನ್ ಆದ ಮೇಲಿನ ಹೊತ್ತು ಸೇರಿಸಿ ನಾಲ್ಕು ದಿನ ಎಣಿಸಿದೆ. ಚೀಟಿ ಚೀಟಿಯ ಮೂಲೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕಿತ್ತು. ಕೆಲವು ಕಡೆ ಪೆನ್ಸಿಲು ಮಾಸಿತ್ತು. ನನ್ನ ಮಾಮೂಲಿ ಬಸ್ಸು ತಪ್ಪಿ, ಮುಂದಿನದಕ್ಕೆ ಹೋದರೆ ಅಪ್ಪ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಛತ್ರಿ ಊರಿಕೊಂಡು ನಿಂತಿರುತ್ತಿದ್ದರು. ಎರಡು ದಿನ ಏನೂ ಕೇಳಲಿಲ್ಲ. ಮೂರನೆಯ ದಿನ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಛತ್ರಿಯನ್ನು ಬಗಲಿಗೆ ಸೇರಿಸಿ, "ಎಣಸೂ ಮುಂದ ಒಂದೂ ಬಿಡಬ್ಯಾಡ ಮತ್ತ. ಒಂದು ತಪ್ಪಿದ್ರ ಎಲ್ಲಾ ತಪ್ಪು ಅಂತಾರ" ಎಂದರು. ಅಂಗಡಿಕಾರನ ಬುದ್ಧಿ.

ಅಕ್ಕನನ್ನು ನೆರವಿಗೆ ಕರೆದೆ. ಬರಲಿಲ್ಲ. "ನನ್ನ ಕೆಲಸದ ಲೆಕ್ಕಾ ನಾನ ಮಾಡಿದ್ರ ಯಾರ ನಂಬ್ತಾರ್ರೀ?" ಎಂದಳು. ಅಷ್ಟು ಹೇಳಿ ಸಂಜೆಗೆ ಒಂದು ಲೋಟ ಚಹಾ ಮೇಲೆ ಕಳಿಸಿದ್ದಳು.

ಹಳೆಯ ನಮೂನೆಯಲ್ಲೇ ಹೊಸ ಹಾಳೆ ಮಾಡಿದೆ. ಕರೆ, ನಿಮಿಷ, ಅವುಗಳ ಪಕ್ಕ ಸ್ಕೇಲಿನಿಂದ ಗೆರೆ ಎಳೆದು ಇನ್ನೊಂದು ಕಾಲಂ: ಪ್ರಯತ್ನ. ಕೂಡಿಸಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಮತ್ತೊಮ್ಮೆ ಕೂಡಿಸಿದೆ. ಹತ್ತಿದ ಒಂದೊಂದು ಟ್ರಂಕ್ ಕರೆಯ ಬೆನ್ನಿಗೆ ಐದು, ಆರು, ಕೆಲವೊಮ್ಮೆ ಇಪ್ಪತ್ತು ಹತ್ತದ ಕರೆಗಳಿದ್ದವು. ಅದರಲ್ಲೂ ಹೆಚ್ಚಿನವು ಮಧ್ಯಾಹ್ನದ ಮೇಲಿನವು. ಚುಕ್ಕೆ-ಬಾಲದ ಚೀಟಿಗಳನ್ನು ಅವಳು ಹೇಳಿದಂತೆ ಪಕ್ಕಕ್ಕಿಟ್ಟೆ.

ಹಾಳೆ ಹಿಡಿದು ಸಾಹೇಬರ ಕೋಣೆಗೆ ಹೋದೆ. ಅವರು ಓದಿದರು.

"ಇದನ್ನ ಮಾಡಿ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸರ್."

"ಆಪರೇಟರ್ ಹೇಳಿದ್ರಾ?"

"ಇಲ್ಲ ಸರ್. ಅವರು ಬ್ಯಾಡ ಅಂದ್ರು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ ಅಮ್ಮ, ಆಗದೇ ಇದ್ದ ಫೋನ್ ಕಾಲನ್ನ ಕೆಲಸ ಅಂತ ಹೇಗೆ ಲೆಕ್ಕ ಹಿಡಿಯೋದು? ಆದದ್ದು ಮಾತ್ರ ಕೆಲಸ."

ಆ ತಿಂಗಳ ಡಬ್ಬಿಯಿಂದ ಒಂದು ಚೀಟಿಯನ್ನು ಬೇರೆ ತೆಗೆದು ಇಟ್ಟುಕೊಂಡಿದ್ದೆ. ಅದನ್ನು ಮುಂದಿಟ್ಟೆ. ಅವರದೇ ಕರೆ. ಬಂದ ಹೊಸದರಲ್ಲಿ ಮೈಸೂರಿಗೆ, ಆಸ್ಪತ್ರೆಗೆ ಸೇರಿದ್ದ ತಾಯಿಯನ್ನು ವಿಚಾರಿಸಲು ಮಾಡಿದ್ದೆಂದು ಕಚೇರಿಗೆಲ್ಲ ಗೊತ್ತಿತ್ತು.

"ಸರ್, ಇದು ನಾಲ್ಕು ನಿಮಿಷದ ಕರೆ. ಹದಿಮೂರು ಸಲ ತಪ್ಪಿ ಹದಿನಾಲ್ಕನೇ ಸಲಕ್ಕೆ ಹತ್ತಿದ್ದು."

ಚೀಟಿಯನ್ನು ಕೈಗೆ ತೆಗೆದುಕೊಂಡರು. ಮೂಲೆಯ ಗುರುತುಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಎಣಿಸಿದರು.

"ಹದಿನಾಲ್ಕು?" ಎಂದರು. ಆಮೇಲೆ ನನಗಲ್ಲ, ತಮಗೇ ಹೇಳಿಕೊಂಡಂತೆ, "ನಾನು ಒಂದೇ ಸಲ ಫೋನ್ ಎತ್ತಿದ್ದೆ" ಎಂದರು.

ನನ್ನನ್ನು ಹೋಗಲು ಹೇಳಿದರು. ಹಾಳೆ ಅವರ ಬಳಿಯೇ ಉಳಿಯಿತು. ಒಂದು ವಾರ ಏನೂ ಆಗಲಿಲ್ಲ. ಆ ವಾರ ನಾನು ಟೈಪ್ ಮಾಡಿದ ಕಾಗದಗಳಲ್ಲಿ ಇದ್ದಷ್ಟು ತಪ್ಪು ಬೇರೆಂದೂ ಇರಲಿಲ್ಲ. ಹೆಡ್ ಕ್ಲಾರ್ಕರು, "ಏನ ಆಗೇತವ್ವಾ ನಿನಗ, ಹುಬ್ಬಳ್ಳಿಗೆ ಹೋಗೂ ಪತ್ರಾ ಹಳಿಯಾಳಕ್ಕ ಬರದೀ" ಎಂದು ತಲೆ ಚಚ್ಚಿಕೊಂಡರು. ಎಂಟನೆಯ ದಿನ ಆ ಟಿಪ್ಪಣಿ ಫೈಲಿಗೆ ಸೇರಿಸಲೆಂದು ನನ್ನ ಮೇಜಿಗೆ ಬಂತು. ಸಾಹೇಬರು ಅಡ್ಡಕ್ಕೆ ಒಂದು ಗೆರೆ ಎಳೆದು ರದ್ದು ಮಾಡಿ, ಕೆಳಗೆ ಸಹಿ ಮಾಡಿದ್ದರು. ಬೇರೆ ಒಂದಕ್ಷರವೂ ಇರಲಿಲ್ಲ. ಅದರ ಜತೆಗಿದ್ದ ಇನ್ನೊಂದು ಚೀಟಿಯಲ್ಲಿ, ಮುಂದಿನ ತಿಂಗಳಿಂದ ಹೊಸ ಕಾಲಮ್ಮಿನ ನಮೂನೆಯಲ್ಲೇ ವರದಿ ಕೊಡಬೇಕೆಂದು ಬರೆದಿದ್ದರು.

ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಕೆಳಗೆ ಹೋದೆ. ಅಕ್ಕ ಹೆಡ್‌ಫೋನ್ ಹಾಕಿಕೊಂಡೇ ನನ್ನ ಮಾತು ಕೇಳಿದಳು.

"ಹೌದಾ?" ಎಂದಳು. "ತಡೀರಿ, ಹುಬ್ಬಳ್ಳಿ ಬಂತು."

ಹುಬ್ಬಳ್ಳಿಯನ್ನು ಜೋಡಿಸಿದಳು, ಚೀಟಿ ಬರೆದಳು. ಆಮೇಲೆ ಹೆಡ್‌ಫೋನ್ ತೆಗೆದು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಎರಡೂ ಕೆನ್ನೆ ಹಿಡಿದು ಹಿಂಡಿದಳು. ನೋವಾಗುವ ಹಾಗೆ.

ಆ ತಿಂಗಳ ಕೊನೆಯ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಅವಳ ಊರಿನ ಸ್ಟಾಪಿನಲ್ಲಿ ನಾನೂ ಇಳಿದೆ. ಅಪ್ಪನಿಗೆ ಮೊದಲೇ ಹೇಳಿದ್ದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಗದ್ದೆಯ ಬದುವಿನ ಮೇಲೆ ನಡೆದು ಹೋದರೆ ಹಂಚಿನ ಸಣ್ಣ ಮನೆ, ಸೆಗಣಿ ಸಾರಿಸಿದ ಅಂಗಳ. ಜಗುಲಿಯ ಮೇಲೆ ಕೂತು ಗೋಣಿ ಹೊಲಿಯುತ್ತಿದ್ದ ಅವಳ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೊಂಕಣಿಯಲ್ಲಿ ಏನೋ ಕೇಳಿದಳು. ಅಕ್ಕ ನಗುತ್ತ ಕನ್ನಡಕ್ಕೆ ಇಳಿಸಿದಳು:

"ನನ್ನ ಮಗಳ ಚೀಟಿ ಎಣಸಾಕಿ ಇಕಿನ ಏನು, ಇಷ್ಟ ಸಣ್ಣಾಕಿ ಅದಾಳ ಅಂತಾಳ್ರೀ."

ಬೆಲ್ಲ ಕಲಸಿದ ಅವಲಕ್ಕಿ ಕೊಟ್ಟರು. ಅವಳ ಮಗಳು ತನ್ನ ಪಾಟಿ ತಂದು ನನ್ನ ಮುಂದೆ ಮಗ್ಗಿ ಬರೆದು ತೋರಿಸಿದಳು. ಏಳರ ಮಗ್ಗಿಯಲ್ಲಿ ಎರಡು ತಪ್ಪಿದ್ದವು. ನಾನು ತಿದ್ದಲು ಹೋದೆ. ಅಜ್ಜಿ ನನ್ನ ಕೈಗೆ ಇನ್ನೊಂದು ಬಟ್ಟಲು ಅವಲಕ್ಕಿ ಇಟ್ಟು ಬಾಯಿ ಮುಚ್ಚಿಸಿದಳು.

ಎರಡು ವರ್ಷದ ಮೇಲೆ ನನ್ನನ್ನು ಮುಂಡಗೋಡಿಗೆ ಕೊಟ್ಟರು. ನೌಕರಿ ಬಿಟ್ಟೆ. ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಕಾರ್ಖಾನೆಗೆ ತಂತಿ ಚುಚ್ಚುವ ಗೊಡವೆಯಿಲ್ಲದ ಹೊಸ ಬೋರ್ಡ್ ಬಂತೆಂದು ಪತ್ರದಲ್ಲಿ ತಿಳಿಯಿತು. ಬರೆದದ್ದು ಅಕ್ಕನೇ, ಅದೇ ದುಂಡು ಅಕ್ಷರದಲ್ಲಿ. ಗುಂಡಿ ಒತ್ತಿದರೆ ವಿಭಾಗದವರೇ ಮಾತಾಡಿಕೊಳ್ಳುತ್ತಾರಂತೆ, ಯಂತ್ರವೇ ಎಣಿಸಿಕೊಳ್ಳುತ್ತದಂತೆ. ಅವಳನ್ನು ಎಲ್ಲಿ ಹಾಕಬೇಕೆಂದು ಕೇಳಿದಾಗ ಅವಳೇ ಮರದ ಅಂಗಳದಲ್ಲಿ ಲಾರಿಗಳ ಲೆಕ್ಕ ಬರೆಯುವ ಕೆಲಸ ಕೇಳಿ ಪಡೆದಿದ್ದಳು. "ಬಿಸಲ ಭಾಳ, ಆದ್ರ ಗಾಳಿ ಐತಿ" ಎಂದು ಬರೆದಿದ್ದಳು.

ಆಮೇಲೆ ಒಮ್ಮೆ ತವರಿಗೆ ಹೋದವಳು ಮುಂಡಗೋಡಿಗೆ ಮರಳಲೆಂದು ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಯಾರೋ ನನ್ನನ್ನು ಹೆಸರು ಹಿಡಿದು ಕೂಗಿದರು. ಕಬ್ಬಿನ ಗಾಡಿಗಳ ಗದ್ದಲದಲ್ಲೂ ಇಡೀ ಸ್ಟ್ಯಾಂಡು ತಿರುಗಿ ನೋಡುವಂತೆ. ಅಕ್ಕ. ಹಣೆಯ ಮೇಲೆ ನಾಲ್ಕು ನರೆ ಕೂದಲು ಬಂದಿದ್ದವು. ಮಗಳು ಹುಬ್ಬಳ್ಳಿಯಲ್ಲಿ ನರ್ಸ್ ತರಬೇತಿಗೆ ಸೇರುವವಳಿದ್ದಳು, ಅವಳಿಗೆ ಸೀರೆ ಕೊಳ್ಳಲು ಪೇಟೆಗೆ ಬಂದಿದ್ದಳಂತೆ.

"ಭಾಳ ಸೊರಗೀರಿ. ಅತ್ತಿ ಮನ್ಯಾಗ ಉಣ್ಣಾಕ ಹಾಕ್ತಾರಿಲ್ಲೋ?"

"ಹಾಕ್ತಾರ ಅಕ್ಕಾ, ನಾನ ಓಡಾಡಿ ಕರಗಸ್ತೇನಿ."

"ಹಂಗಾರ ಬರ್ರಿ, ಸೀರಿ ಆರಿಸಿ ಕೊಡ್ರಿ. ಅಂಗಡ್ಯಾವ ನನಗ ಮಂಕಬೂದಿ ಎರಚ್ತಾನ."

"ನನ್ನ ಬಸ್ ಬರ್ತದ ಅಕ್ಕಾ."

"ಬರ್ಲಿ, ಹೋಗ್ಲಿ. ಇನ್ನೊಂದ ಬರ್ತದ."

ಹೋದೆ. ಅಂಗಡಿಯವನು ಗುಡ್ಡೆ ಹಾಕಿದ ಸೀರೆಗಳ ಮುಂದೆ ಒಂದು ತಾಸು ಕೂತೆವು. ನಾನು ತಿಳಿ ನೀಲಿ ಆರಿಸಿದೆ. ಅದರ ಅಂಚು, ಸೆರಗು ಎಲ್ಲ ಹೊಗಳಿದೆ. ಅಕ್ಕ ತಲೆದೂಗಿ ತಲೆದೂಗಿ ಕೇಳಿದಳು. ಕೊನೆಗೆ ಅಂಗಡಿಯವನಿಗೆ, "ಆ ಕೆಂಪಂದು ಕಟ್ರಿ" ಎಂದಳು.